ಹ್ಯಾಲೊಜನ್ ಧಾತುಗಳು: ಒಂದು ಎಲೆಕ್ಟ್ರಾನಿನ ಕೊರತೆ

ಅಡುಗೆಮನೆಯ ಉಪ್ಪಿನ ಭರಣಿ, ನಲ್ಲಿಯ ನೀರಿನಲ್ಲಿ ಒಮ್ಮೊಮ್ಮೆ ಮೂಗಿಗೆ ಬಡಿಯುವ ಘಾಟು, ಗಾಯಕ್ಕೆ ಹಚ್ಚುವ ಕಂದು ಬಣ್ಣದ ಟಿಂಕ್ಚರು, ಹಲ್ಲುಜ್ಜುವ ಪೇಸ್ಟಿನ ಮೇಲೆ ಅಚ್ಚಾಗಿರುವ ‘ಫ್ಲೋರೈಡ್’ ಎಂಬ ಮಾತು. ಈ ನಾಲ್ಕೂ ನಿಮಗೆ ಪರಿಚಿತವೇ. ಆದರೆ ಇವುಗಳ ಹಿಂದೆ ಒಂದೇ ಮನೆತನದ ಧಾತುಗಳಿವೆ ಎಂಬುದು ಎಲ್ಲರಿಗೂ ಹೊಳೆಯುವುದಿಲ್ಲ. ಆ ಮನೆತನದ ಹೆಸರು ಹ್ಯಾಲೊಜನ್. ಭಾಷಣ ಕೇಳಿದವರಿಗೆ ಈ ಬರಹ ನೆನಪಿಗೆ ನೆರವಾಗಲಿ; ಕೇಳದವರು ಇದನ್ನು ಬಿಡಿಯಾಗಿಯೂ ಓದಬಹುದು.

ಈ ಮನೆತನದಲ್ಲಿ ಒಂದು ಒಗಟು ಇದೆ. ಮೊದಲನೆಯ ಮಹಾಯುದ್ಧದ ಕಾಲ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೇನೆ ಸಾವಿರಾರು ಸಿಲಿಂಡರುಗಳಿಂದ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಹಸಿರು ಹಳದಿಯ ಆ ಮೋಡ ಕಂದಕಗಳಿಗೆ ಇಳಿದು ಸೈನಿಕರ ಶ್ವಾಸಕೋಶಗಳನ್ನು ಸುಟ್ಟಿತು. ನಾವು ದಿನವೂ ತಿನ್ನುವ ಉಪ್ಪಿನ ತೂಕದಲ್ಲಿ ಶೇಕಡಾ 60ರಷ್ಟು ಇರುವುದೂ ಇದೇ ಕ್ಲೋರಿನ್. ಅಲ್ಲಿ ಪ್ರಾಣ ತೆಗೆದ ವಸ್ತು ಇಲ್ಲಿ ಇಲ್ಲದಿದ್ದರೆ ಪ್ರಾಣವೇ ನಿಲ್ಲದು. ಇದೇಕೆ ಹೀಗೆ? ಉತ್ತರ ಒಂದೇ ಒಂದು ಎಲೆಕ್ಟ್ರಾನಿನಲ್ಲಿದೆ. ಅದನ್ನು ತಿಳಿದುಕೊಂಡರೆ ಮನೆಯಲ್ಲಿ ಯಾವುದನ್ನು ಹೇಗೆ ಬಳಸಬೇಕು, ಯಾವುದನ್ನು ಯಾವುದರೊಡನೆ ಬೆರೆಸಬಾರದು ಎಂಬುದೂ ತಾನಾಗಿಯೇ ತಿಳಿಯುತ್ತದೆ.

ಮನೆತನದ ಸದಸ್ಯರು

‘ಹ್ಯಾಲೊಜನ್’ ಎಂಬುದು ಗ್ರೀಕ್ ಮೂಲದ ಮಾತು. ‘ಲವಣವನ್ನು ಹುಟ್ಟಿಸುವುದು’ ಎಂದು ಅದರ ಅರ್ಥ. ಲೋಹಗಳೊಡನೆ ಸೇರಿದಾಗ ಈ ಧಾತುಗಳು ಲವಣಗಳನ್ನು ಕೊಡುತ್ತವೆ. ಆದುದರಿಂದಲೇ ಕನ್ನಡದಲ್ಲಿ ಇವನ್ನು ಲವಣಜನಕಗಳು ಎಂದೂ ಕರೆಯುವುದುಂಟು. ಆವರ್ತಕೋಷ್ಟಕದಲ್ಲಿ ಇವುಗಳ ಸ್ಥಾನ 17ನೆಯ ಗುಂಪು. ಮೇಲಿನಿಂದ ಕೆಳಕ್ಕೆ ಓದಿದರೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೊಡಿನ್. ಇವುಗಳ ಕೆಳಗೆ ಅಸ್ಟಟೀನ್ ಇದೆ. ಅದನ್ನು 1940ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೊದಲು ತಯಾರಿಸಲಾಯಿತು. ಅದು ವಿಕಿರಣಶೀಲ, ಕೆಲವು ಗಂಟೆಗಳಲ್ಲೇ ಕ್ಷಯಿಸಿಹೋಗುತ್ತದೆ. 2010ರಲ್ಲಿ ಪ್ರಕಟವಾದ ಟೆನ್ನೆಸೀನ್ ಕೆಲವೇ ಪರಮಾಣುಗಳ ಮಟ್ಟದಲ್ಲಿ ಕಂಡ ಕೃತಕ ಧಾತು. ನಮ್ಮ ಬದುಕಿಗೆ ಸಂಬಂಧಪಟ್ಟವರು ಮೊದಲ ನಾಲ್ವರೇ.

ಈ ನಾಲ್ವರನ್ನು ಸಾಲಾಗಿ ನಿಲ್ಲಿಸಿ ನೋಡಿ. ಫ್ಲೋರಿನ್ ತೆಳು ಹಳದಿಯ ಅನಿಲ. ಕ್ಲೋರಿನ್ ಹಸಿರು ಹಳದಿಯ ಅನಿಲ. ಬ್ರೋಮಿನ್ ಕಡುಗೆಂಪು ದ್ರವ. ಅಯೊಡಿನ್ ಹೊಳಪುಳ್ಳ ಕಪ್ಪುಬೂದು ಹರಳು. ಬಿಸಿ ತಾಗಿದರೆ ಸುಂದರವಾದ ನೇರಳೆ ಆವಿ ಏಳುತ್ತದೆ. ಫ್ಲೋರಿನ್ ಸೊನ್ನೆಗಿಂತ 188 ಡಿಗ್ರಿ ಸೆಲ್ಸಿಯಸ್ ಕೆಳಗೆ, ಕ್ಲೋರಿನ್ ಸೊನ್ನೆಗಿಂತ 34 ಡಿಗ್ರಿ ಕೆಳಗೆ ಕುದಿಯುತ್ತವೆ. ಬ್ರೋಮಿನ್ 59 ಡಿಗ್ರಿಯಲ್ಲಿ, ಅಯೊಡಿನ್ 184 ಡಿಗ್ರಿಯಲ್ಲಿ ಕುದಿಯುತ್ತವೆ. ಕೆಳಗಿಳಿದಂತೆ ಅಣು ದೊಡ್ಡದಾಗುತ್ತದೆ, ಅದರಲ್ಲಿರುವ ಎಲೆಕ್ಟ್ರಾನುಗಳು ಹೆಚ್ಚುತ್ತವೆ, ಒಂದು ಅಣುವಿಗೂ ಪಕ್ಕದ ಅಣುವಿಗೂ ಇರುವ ಸೆಳೆತವೂ ಹೆಚ್ಚುತ್ತದೆ. ಅಣುಗಳನ್ನು ಬೇರ್ಪಡಿಸಲು ಹೆಚ್ಚು ಶಾಖ ಬೇಕಾಗುತ್ತದೆ. ಬಣ್ಣ ಗಾಢವಾಗುತ್ತ ಹೋಗುವುದೂ ಇದೇ ಕ್ರಮದಲ್ಲಿ.

ಏಳು ಇದೆ, ಎಂಟು ಬೇಕು

ಪರಮಾಣುವಿನ ನಡುವೆ ಧನವಿದ್ಯುತ್ತಿನ ಬೀಜ, ಅದರ ಸುತ್ತ ಕವಚಗಳಲ್ಲಿ ಎಲೆಕ್ಟ್ರಾನುಗಳು. ರಾಸಾಯನಿಕ ವ್ಯವಹಾರವೆಲ್ಲ ನಡೆಯುವುದು ಅತ್ಯಂತ ಹೊರಗಿನ ಕವಚದಲ್ಲಿ. ಅಲ್ಲಿ ಎಂಟು ಎಲೆಕ್ಟ್ರಾನುಗಳಿದ್ದರೆ ಪರಮಾಣು ನೆಮ್ಮದಿಯಾಗಿರುತ್ತದೆ. ನಿಯಾನ್, ಆರ್ಗಾನ್‌ಗಳಂಥ ಜಡಾನಿಲಗಳು ಯಾರ ತಂಟೆಗೂ ಹೋಗದಿರುವುದು ಇದರಿಂದಲೇ.

ಹ್ಯಾಲೊಜನ್‌ಗಳ ಹೊರಕವಚದಲ್ಲಿ ಏಳು ಎಲೆಕ್ಟ್ರಾನುಗಳಿವೆ. ಫ್ಲೋರಿನ್ನಿನ ಒಟ್ಟು 9 ಎಲೆಕ್ಟ್ರಾನುಗಳು 2, 7 ಎಂದು ಹಂಚಿಕೊಂಡಿವೆ. ಕ್ಲೋರಿನ್ನಿನ 17 ಎಲೆಕ್ಟ್ರಾನುಗಳು 2, 8, 7 ಎಂದು. ಎಂಟು ತುಂಬಲು ಒಂದೇ ಒಂದು ಕಡಿಮೆ. ಆ ಒಂದನ್ನು ಎಲ್ಲಿಂದಾದರೂ ತಂದು ತುಂಬಿಕೊಳ್ಳುವ ತವಕವೇ ಈ ಮನೆತನದ ಮುಖ್ಯ ಗುಣ. ಇತರ ವಸ್ತುಗಳೊಡನೆ ಚುರುಕಾಗಿ ವರ್ತಿಸುವ ಈ ಗುಣಕ್ಕೆ ರಾಸಾಯನಿಕ ಪಟುತ್ವ ಎಂದು ಹೆಸರು.

ಸೋಡಿಯಂ ಲೋಹದ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದರ ಹೊರಕವಚದಲ್ಲಿ ಇರುವುದೇ ಒಂದು ಎಲೆಕ್ಟ್ರಾನು. ಅದನ್ನು ಬಿಟ್ಟುಕೊಡಲು ಅದು ಸಿದ್ಧ. ಸೋಡಿಯಮ್ಮಿಗೂ ಕ್ಲೋರಿನ್ನಿಗೂ ಭೇಟಿಯಾದರೆ ಉರಿ, ಬೆಳಕು, ಕೊನೆಗೆ ಬಿಳಿಯ ಪುಡಿ. ಅದೇ ಉಪ್ಪು. ಕೊಟ್ಟವನು ಸೋಡಿಯಂ ಅಯಾನು, ಪಡೆದವನು ಕ್ಲೋರೈಡ್ ಅಯಾನು. ಈಗ ಇಬ್ಬರೂ ಶಾಂತರು. ಒಗಟಿನ ಉತ್ತರ ಇಲ್ಲಿದೆ. ಈಪ್ರ್‌ನಲ್ಲಿ ಕೊಂದದ್ದು ಎಲೆಕ್ಟ್ರಾನಿಗಾಗಿ ಹಸಿದ ಕ್ಲೋರಿನ್. ಉಪ್ಪಿನಲ್ಲಿರುವುದು ಎಲೆಕ್ಟ್ರಾನು ದೊರೆತು ತಣಿದ ಕ್ಲೋರೈಡ್. ಎರಡರ ಬೀಜವೂ ಒಂದೇ. ವ್ಯತ್ಯಾಸ ಒಂದು ಎಲೆಕ್ಟ್ರಾನಿನದು.

ಇದನ್ನು ನೀವು ಮನೆಯಲ್ಲೇ ಕಣ್ಣಾರೆ ನೋಡಬಹುದು. ಒಂದು ಲೋಟ ನೀರಿಗೆ ಅಯೊಡಿನ್ ಟಿಂಕ್ಚರಿನ ಎರಡು ಮೂರು ಹನಿ ಹಾಕಿ. ನೀರು ಕಂದು ಹಳದಿಯಾಗುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಸಿ ವಿಟಮಿನ್ ಮಾತ್ರೆಯನ್ನು ಪುಡಿ ಮಾಡಿ ಅದರಲ್ಲಿ ಕಲಕಿ. ಬಣ್ಣ ಮಾಯ! ಅಯೊಡಿನ್ ಎಲ್ಲಿಗೂ ಹೋಗಿಲ್ಲ. ಸಿ ವಿಟಮಿನ್ನಿನಿಂದ ಎಲೆಕ್ಟ್ರಾನು ಪಡೆದು ಬಣ್ಣವಿಲ್ಲದ ಅಯೊಡೈಡ್ ಆಗಿದೆ. ಪ್ರಯೋಗ ಮುಗಿದ ಮೇಲೆ ಆ ನೀರನ್ನು ಚೆಲ್ಲಿಬಿಡಿ, ಕುಡಿಯಬೇಡಿ.

ಯಾರ ಸೆಳೆತ ಹೆಚ್ಚು?

ನಾಲ್ವರಿಗೂ ಕೊರತೆ ಒಂದೇ ಆದರೂ ಸೆಳೆಯುವ ಶಕ್ತಿ ಒಂದೇ ಅಲ್ಲ. ಫ್ಲೋರಿನ್ ಪರಮಾಣು ಬಹಳ ಚಿಕ್ಕದು. ಹೊರಗಿನಿಂದ ಬರುವ ಎಲೆಕ್ಟ್ರಾನು ಬೀಜದ ಹತ್ತಿರಕ್ಕೇ ಬರುತ್ತದೆ, ಬಲವಾಗಿ ಹಿಡಿತಕ್ಕೆ ಸಿಗುತ್ತದೆ. ಅಯೊಡಿನ್ನಿನಲ್ಲಿ ಬೀಜಕ್ಕೂ ಹೊರಕವಚಕ್ಕೂ ನಡುವೆ ನಾಲ್ಕು ಕವಚಗಳು ಅಡ್ಡ ನಿಂತಿವೆ, ಹಿಡಿತ ಸಡಿಲ. ಆದುದರಿಂದ ಪಟುತ್ವ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬರುತ್ತದೆ.

ಹೈಡ್ರೋಜನ್ನಿನೊಡನೆ ಇವುಗಳ ವರ್ತನೆ ಈ ಕ್ರಮಕ್ಕೆ ಸಾಕ್ಷಿ. ಫ್ಲೋರಿನ್ ಕತ್ತಲೆಯಲ್ಲೂ, ಚಳಿಯಲ್ಲೂ ಸಿಡಿಯುತ್ತದೆ. ಕ್ಲೋರಿನ್ ಕತ್ತಲಲ್ಲಿ ಸುಮ್ಮನಿದ್ದು, ಬಿಸಿಲು ಬಿದ್ದೊಡನೆ ಸಿಡಿಯುತ್ತದೆ. ಬ್ರೋಮಿನ್ನಿಗೆ ಶಾಖ ಕೊಡಬೇಕು. ಅಯೊಡಿನ್ ಶಾಖ ಕೊಟ್ಟರೂ ಪೂರ್ತಿಯಾಗಿ ಸೇರುವುದಿಲ್ಲ. ಸೇರಿದ್ದರಲ್ಲಿ ಒಂದಷ್ಟು ಮತ್ತೆ ಬೇರೆಯಾಗುತ್ತಿರುತ್ತದೆ.

ಇನ್ನೊಂದು ಸಾಕ್ಷಿ ಪಲ್ಲಟ ಕ್ರಿಯೆ. ಪೊಟ್ಯಾಸಿಯಂ ಬ್ರೋಮೈಡಿನ ಬಣ್ಣವಿಲ್ಲದ ದ್ರಾವಣಕ್ಕೆ ಕ್ಲೋರಿನ್ ನೀರನ್ನು ಹಾಕಿದರೆ ದ್ರಾವಣ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕ್ಲೋರಿನ್ ಬ್ರೋಮೈಡಿನ ಕೈಯಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡು ಬ್ರೋಮಿನ್ನನ್ನು ಹೊರಹಾಕಿದೆ. ಅಯೊಡೈಡಿನ ದ್ರಾವಣವಾದರೆ ಅಯೊಡಿನ್ ಹೊರಬಂದು ಕಂದಾಗುತ್ತದೆ. ಒಂದು ಹನಿ ಗಂಜಿ ಹಾಕಿದರೆ ಕಡುನೀಲಿ. ಬ್ರೋಮಿನ್ ಅಯೊಡಿನ್ನನ್ನು ಹೊರಹಾಕಬಲ್ಲದು. ಅಯೊಡಿನ್ ಇಬ್ಬರಲ್ಲಿ ಯಾರನ್ನೂ ಹೊರಹಾಕಲಾರದು. ಇದು ಪ್ರಯೋಗಶಾಲೆಯ ಆಟವಷ್ಟೇ ಅಲ್ಲ. ಸಮುದ್ರದ ನೀರು, ಉಪ್ಪಿನ ಗದ್ದೆಗಳಲ್ಲಿ ಉಳಿಯುವ ಕಹಿನೀರು ಮೊದಲಾದವುಗಳಿಂದ ಬ್ರೋಮಿನ್ ತೆಗೆಯುವ ಕಾರ್ಖಾನೆಗಳು ಅವುಗಳಲ್ಲಿ ಕ್ಲೋರಿನ್ ಹಾಯಿಸುವುದು ಇದೇ ತತ್ತ್ವದ ಮೇಲೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂಟಿ ಪರಮಾಣು ಒಂದು ಎಲೆಕ್ಟ್ರಾನನ್ನು ಪಡೆದಾಗ ಹೊರಬೀಳುವ ಶಕ್ತಿಯನ್ನು ಅಳೆದರೆ ಮೊದಲ ಸ್ಥಾನ ಫ್ಲೋರಿನ್ನಿಗಲ್ಲ, ಕ್ಲೋರಿನ್ನಿಗೆ. ಮೋಲ್ ಒಂದಕ್ಕೆ ಕ್ಲೋರಿನ್ನಿನಲ್ಲಿ 349 ಕಿಲೋಜೂಲ್, ಫ್ಲೋರಿನ್ನಿನಲ್ಲಿ 328. ಫ್ಲೋರಿನ್ ಪರಮಾಣು ತೀರ ಚಿಕ್ಕದಾದುದರಿಂದ ಒಳಗಿರುವ ಎಲೆಕ್ಟ್ರಾನುಗಳ ನೂಕುನುಗ್ಗಲಿನಲ್ಲಿ ಹೊಸದಕ್ಕೆ ಸ್ವಲ್ಪ ಇಕ್ಕಟ್ಟು. ಹಾಗಿದ್ದರೂ ಫ್ಲೋರಿನ್ನೇ ಏಕೆ ಪ್ರಚಂಡ? ಕಾರಣಗಳು ಎರಡು. ಫ್ಲೋರಿನ್ ಅಣುವಿನಲ್ಲಿ ಎರಡು ಪರಮಾಣುಗಳ ನಡುವಿನ ಬಂಧ ದುರ್ಬಲ. ಅದನ್ನು ಮುರಿಯಲು ಸುಮಾರು 158 ಕಿಲೋಜೂಲ್ ಸಾಕು; ಕ್ಲೋರಿನ್ನಿಗೆ 242 ಬೇಕು. ಎರಡನೆಯದಾಗಿ, ಚಿಕ್ಕ ಫ್ಲೋರೈಡ್ ಅಯಾನು ಲೋಹದ ಅಯಾನುಗಳನ್ನಾಗಲಿ ನೀರಿನ ಅಣುಗಳನ್ನಾಗಲಿ ಬಹಳ ಹತ್ತಿರದಿಂದ, ಬಲವಾಗಿ ಹಿಡಿಯುತ್ತದೆ. ಖರ್ಚು ಕಡಿಮೆ, ಗಳಿಕೆ ಹೆಚ್ಚು. ಒಟ್ಟು ಲೆಕ್ಕದಲ್ಲಿ ಗೆಲ್ಲುವುದು ಫ್ಲೋರಿನ್.

ಫ್ಲೋರಿನ್ನಿಗೆ ತೆತ್ತ ಬೆಲೆ

ಕ್ಲೋರಿನ್ ಅನಿಲವನ್ನು ಸ್ವೀಡನ್ನಿನ ಷೀಲೆ 1774ರಲ್ಲೇ ತಯಾರಿಸಿದ್ದ. ಅದು ಧಾತು ಎಂದು ಇಂಗ್ಲೆಂಡಿನ ಹಂಫ್ರಿ ಡೇವಿ 1810ರಲ್ಲಿ ಸಾರಿದ. 1811ರಲ್ಲಿ ಫ್ರಾನ್ಸಿನ ಕೂರ್ತ್ವಾ ಕಡಲಕಳೆಯ ಬೂದಿಯಿಂದ ಅಯೊಡಿನ್ನನ್ನೂ, 1826ರಲ್ಲಿ ಬಾಲಾರ್ ಉಪ್ಪುನೀರಿನಿಂದ ಬ್ರೋಮಿನ್ನನ್ನೂ ಪಡೆದರು. ಫ್ಲೋರಿನ್ ಮಾತ್ರ ಕೈಗೆ ಸಿಗಲಿಲ್ಲ. ಅದು ಖನಿಜಗಳಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಎಲೆಕ್ಟ್ರಾನನ್ನು ಫ್ಲೋರೈಡಿನ ಹಿಡಿತದಿಂದ ಬಿಡಿಸಬಲ್ಲ, ಅದಕ್ಕಿಂತ ಬಲಶಾಲಿಯಾದ ವಸ್ತು ಯಾವುದೂ ಇರಲಿಲ್ಲ. ಪ್ರಯತ್ನಿಸಿದವರಲ್ಲಿ ಡೇವಿ, ಗೇ-ಲುಸಾಕ್ ಮೊದಲಾದವರು ಹೈಡ್ರೋಜನ್ ಫ್ಲೋರೈಡಿನ ವಿಷಕ್ಕೆ ಸಿಕ್ಕಿ ನರಳಿದರು; ಬೆಲ್ಜಿಯಮ್ಮಿನ ಲೂಯೆ, ಫ್ರಾನ್ಸಿನ ನಿಕ್ಲೆಸ್ ಪ್ರಾಣವನ್ನೇ ಕಳೆದುಕೊಂಡರು.

ಕೊನೆಗೆ 1886ರ ಜೂನ್ 26ರಂದು ಪ್ಯಾರಿಸ್ಸಿನಲ್ಲಿ ಆನ್ರಿ ಮ್ವಾಸಾನ್ ಗೆದ್ದ. ಯಾವ ವಸ್ತುವೂ ಕೀಳಲಾಗದ ಎಲೆಕ್ಟ್ರಾನನ್ನು ಆತ ವಿದ್ಯುತ್ತಿನಿಂದ ಕಿತ್ತ. ನೀರಿನ ಅಂಶವಿಲ್ಲದ ಹೈಡ್ರೋಜನ್ ಫ್ಲೋರೈಡಿನಲ್ಲಿ ಪೊಟ್ಯಾಸಿಯಮ್ಮಿನ ಲವಣವನ್ನು ಕರಗಿಸಿ, ಚೆನ್ನಾಗಿ ತಣಿಸಿ, ಪ್ಲಾಟಿನಂ ಪಾತ್ರೆಯಲ್ಲಿ ವಿದ್ಯುದ್ವಿಭಜನೆ ನಡೆಸಿದ. ಪಾತ್ರೆಯ ಬಾಯಿಗೆ ಬಿರಡೆ ಯಾವುದರದು? ಗಾಜನ್ನಾಗಲಿ ರಬ್ಬರನ್ನಾಗಲಿ ಫ್ಲೋರಿನ್ ತಿಂದುಹಾಕುತ್ತದೆ. ಮ್ವಾಸಾನ್ ಫ್ಲೋರ್ಸ್ಪಾರ್ ಖನಿಜದಿಂದಲೇ ಬಿರಡೆ ಕಡೆಸಿದ. ಅದರಲ್ಲಿ ಆಗಲೇ ಫ್ಲೋರಿನ್ ತುಂಬಿದೆ; ಮತ್ತೆ ತಿನ್ನಲು ಏನೂ ಉಳಿದಿಲ್ಲ! 1906ರಲ್ಲಿ ಆತನಿಗೆ ನೊಬೆಲ್ ಬಹುಮಾನ ದೊರೆಯಿತು, ಮರುವರ್ಷವೇ ತೀರಿಕೊಂಡ. ವಿದ್ಯುತ್ತಿನ ನೆರವಿಲ್ಲದೆ, ರಾಸಾಯನಿಕ ಕ್ರಿಯೆಯಿಂದಲೇ ಫ್ಲೋರಿನ್ ತಯಾರಿಸಲು ಕಾರ್ಲ್ ಕ್ರಿಸ್ಟೆ ಎಂಬ ವಿಜ್ಞಾನಿಗೆ ಸಾಧ್ಯವಾದದ್ದು 1986ರಲ್ಲಿ, ಸರಿಯಾಗಿ ನೂರು ವರ್ಷಗಳ ಅನಂತರ.

ಬಾವಿಗೆ ಬ್ಲೀಚಿಂಗ್ ಪುಡಿ

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಸುಣ್ಣ ಮತ್ತು ಕ್ಲೋರಿನ್‌ಗಳಿಂದಾದದ್ದು. ಇದರಲ್ಲಿ ಕ್ಲೋರಿನ್ ಉಪ್ಪಿನಲ್ಲಿರುವಂತೆ ತಣಿದಿಲ್ಲ. ಅದು ಆಕ್ಸಿಜನ್ನಿನ ಜೊತೆ ಕಟ್ಟಿಕೊಂಡಿದೆ; ಹಂಚಿಕೊಂಡ ಎಲೆಕ್ಟ್ರಾನುಗಳನ್ನು ಆಕ್ಸಿಜನ್ನೇ ತನ್ನ ಕಡೆಗೆ ಎಳೆದುಕೊಂಡಿದೆ. ನೀರಿನಲ್ಲಿ ಇದು ಹೈಪೋಕ್ಲೋರಸ್ ಆಮ್ಲವಾಗಿ, ರೋಗಾಣುಗಳ ದೇಹದೊಳಗೆ ನುಗ್ಗಿ ಅಲ್ಲಿಯ ಪ್ರೋಟೀನುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ರೋಗಾಣು ಸಾಯುತ್ತದೆ. ಕಾಲರಾ, ವಿಷಮಶೀತಜ್ವರಗಳ ವಿರುದ್ಧ ನಮ್ಮ ಬಹು ದೊಡ್ಡ ಆಯುಧ ಇದು.

ಆದರೆ ಆ ಹಸಿವಿಗೆ ವಿವೇಚನೆ ಇಲ್ಲ ಎಂಬುದನ್ನು ನೆನಪಿಡಿ. ರೋಗಾಣು, ಕೊಳೆತ ಎಲೆ, ಕೆಸರಿನಲ್ಲಿರುವ ಜೈವಿಕ ವಸ್ತು, ಎಲ್ಲವೂ ಅದಕ್ಕೆ ಒಂದೇ. ಬಗ್ಗಡ ನೀರಿಗೆ ಹಾಕಿದ ಕ್ಲೋರಿನ್ ಬಗ್ಗಡಕ್ಕೇ ಖರ್ಚಾಗಿ ರೋಗಾಣುಗಳು ಉಳಿದುಬಿಡುತ್ತವೆ. ಅದಕ್ಕಾಗಿಯೇ ಮೊದಲು ಪಟಿಕದಿಂದ ನೀರನ್ನು ತಿಳಿ ಮಾಡಿ, ಆಮೇಲೆ ಕ್ಲೋರಿನ್ ಹಾಕುವುದು. ಪುಡಿಯನ್ನು ತೆರೆದ ಚೀಲದಲ್ಲಿಟ್ಟರೆ ಗಾಳಿ, ಬೆಳಕು, ತೇವಗಳಿಂದ ಅದರ ಶಕ್ತಿ ಕುಂದುತ್ತದೆ. ಹೊಸ ಪುಡಿಯಲ್ಲಿ ಶೇಕಡಾ 33ರಷ್ಟು ಬಳಕೆಗೆ ಸಿಗುವ ಕ್ಲೋರಿನ್ ಇರುತ್ತದೆ. ಹಳತರಲ್ಲಿ ಬರಿಯ ಸುಣ್ಣವೇ ಉಳಿದಿರಬಹುದು.

ಎಷ್ಟು ಹಾಕಬೇಕು? ಸಾಮಾನ್ಯವಾಗಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ಆಳ ನೀರಿದ್ದರೆ ಅದು ಸುಮಾರು 9,400 ಲೀಟರ್. ಪುಡಿ ಸುಮಾರು 24 ಗ್ರಾಂ. ಅದನ್ನು ಬಕೆಟ್ಟಿನಲ್ಲಿ ನೀರಿನೊಡನೆ ಕದಡಿ, ಐದು ಹತ್ತು ನಿಮಿಷ ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಾವಿಗಿಳಿಸಿ ಚೆನ್ನಾಗಿ ಕಲಕಬೇಕು. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಒಳ್ಳೆಯದು. ನೀರು ಹೆಚ್ಚು ಕಲುಷಿತವಾಗಿದ್ದರೆ ಪ್ರಮಾಣವನ್ನು ಆರೋಗ್ಯ ಕಾರ್ಯಕರ್ತರಿಂದ ಕೇಳಿ ತಿಳಿಯಿರಿ.

ಈ ಎರಡನ್ನು ಬೆರೆಸಬೇಡಿ

ಬಟ್ಟೆ ಬಿಳುಪಾಗಿಸುವ ಬ್ಲೀಚ್ ದ್ರಾವಣವನ್ನಾಗಲಿ ಬ್ಲೀಚಿಂಗ್ ಪುಡಿಯನ್ನಾಗಲಿ ಕಕ್ಕಸು ತೊಳೆಯುವ ಆಸಿಡ್ಡಿನ ಜೊತೆ ಎಂದೂ ಬೆರೆಸಬೇಡಿ. ‘ಎರಡೂ ಸೇರಿದರೆ ಹೆಚ್ಚು ಸ್ವಚ್ಛ’ ಎಂದು ಕೆಲವರು ತಿಳಿಯುತ್ತಾರೆ. ಆಮ್ಲ ಬಿದ್ದೊಡನೆ ಬ್ಲೀಚಿನಿಂದ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಈಪ್ರ್‌ನ ಕಂದಕಗಳಲ್ಲಿ ತುಂಬಿದ ಅದೇ ಅನಿಲ, ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ! ಅಮೋನಿಯ ಇರುವ ದ್ರಾವಣಗಳೊಡನೆ ಬ್ಲೀಚ್ ಸೇರಿದರೂ ವಿಷಾನಿಲವೇ ಹುಟ್ಟುತ್ತದೆ.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನೆಲದ ಮಟ್ಟದಲ್ಲೇ ಹರಡುತ್ತದೆ. ಬಗ್ಗಿ, ಕುಳಿತು ತಿಕ್ಕುವವರಿಗೆ ಮೊದಲು ತಗಲುತ್ತದೆ. ಘಾಟು ಬಂದು ಕಣ್ಣು ಉರಿದರೆ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಗೆ, ತೆರೆದ ಗಾಳಿಗೆ ಬನ್ನಿ. ಕಣ್ಣನ್ನು ಧಾರಾಳವಾಗಿ ನೀರಿನಿಂದ ತೊಳೆಯಿರಿ. ಕೆಮ್ಮು, ಉಬ್ಬಸ ಇದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ಮೇಲೂ ಕಾಣಿಸಿಕೊಳ್ಳಬಹುದು.

ತಣಿದ ಫ್ಲೋರೈಡಿನ ತೊಂದರೆ

ಎಲೆಕ್ಟ್ರಾನು ದೊರೆತ ಹ್ಯಾಲೊಜನ್‌ಗಳೆಲ್ಲ ನಿರುಪದ್ರವಿಗಳೇ? ಹಾಗೆಂದುಕೊಳ್ಳುವಂತಿಲ್ಲ. ಫ್ಲೋರೈಡ್ ಯಾರಿಂದಲೂ ಎಲೆಕ್ಟ್ರಾನು ಕೇಳುವುದಿಲ್ಲ. ಆದರೆ ಅದರ ಚಿಕ್ಕ ಗಾತ್ರ ಮತ್ತು ಕ್ಯಾಲ್ಸಿಯಮ್ಮಿನ ಮೇಲಿನ ಒಲವು ಬೇರೊಂದು ತೊಂದರೆ ತರುತ್ತವೆ. ನಮ್ಮ ಹಲ್ಲು ಮೂಳೆಗಳ ಖನಿಜದಲ್ಲಿರುವ ಹೈಡ್ರಾಕ್ಸಿಲ್ ಅಯಾನಿನ ಜಾಗದಲ್ಲಿ ಅದು ಸುಲಭವಾಗಿ ಕೂರಬಲ್ಲದು. ಅಲ್ಪ ಪ್ರಮಾಣದಲ್ಲಿ ಇದರಿಂದ ಹಲ್ಲಿನ ಮೇಲ್ಪದರ ಗಟ್ಟಿಯಾಗುತ್ತದೆ. ಪೇಸ್ಟಿನಲ್ಲಿ ಫ್ಲೋರೈಡ್ ಇರುವುದು ಇದಕ್ಕೇ. ಮಿತಿಮೀರಿದರೆ ಹಲ್ಲಿನಲ್ಲಿ ಕಂದು ಪಟ್ಟೆ, ವರ್ಷಗಳು ಕಳೆದಂತೆ ಮೂಳೆ ಕೀಲುಗಳ ಬಿಗಿತ, ಬಾಗಿದ ಬೆನ್ನು. ಇದೇ ಫ್ಲೋರೋಸಿಸ್. ಭಾರತದಲ್ಲಿ ಇದನ್ನು 1937ರಲ್ಲಿ ನೆಲ್ಲೂರು ಸೀಮೆಯಲ್ಲಿ ಮೊದಲು ಗುರುತಿಸಲಾಯಿತು. ನಮ್ಮಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ರಾಯಚೂರು, ಕೊಪ್ಪಳ, ಗದಗ ಮೊದಲಾದ ಕಡೆ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಕಂಡಿದೆ. ಗ್ರಾನೈಟ್‌ನಂಥ ಬಂಡೆಗಳ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ.

ಭಾರತೀಯ ಮಾನಕದಂತೆ ಕುಡಿಯುವ ನೀರಿನ ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಂವರೆಗೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಏರುತ್ತದೆ. ಬ್ಲೀಚಿಂಗ್ ಪುಡಿಯಿಂದಲೂ ಹೋಗುವುದಿಲ್ಲ, ಏಕೆಂದರೆ ಫ್ಲೋರೈಡಿನ ಕೈಯಿಂದ ಎಲೆಕ್ಟ್ರಾನು ಕೀಳುವ ಶಕ್ತಿ ಕ್ಲೋರಿನ್ನಿಗಿಲ್ಲ. ನಾಗಪುರದ ‘ನೀರಿ’ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಬಳಸಿ ಅದನ್ನು ತಳಕ್ಕಿಳಿಸುತ್ತಾರೆ. ಅಲ್ಯೂಮಿನದ ಸೋಸುಕಗಳೂ, ಊರುಗಳಲ್ಲಿರುವ ಆರ್.ಓ. ಘಟಕಗಳೂ ಅದನ್ನು ತಗ್ಗಿಸುತ್ತವೆ. ಛಾವಣಿಯ ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟುಕೊಂಡರೆ ಅದು ಬಂಡೆಯನ್ನು ಮುಟ್ಟುವುದೇ ಇಲ್ಲ.

ಉಪ್ಪಿನಲ್ಲಿ ಅಯೊಡಿನ್

ಮನೆತನದ ಕೊನೆಯ ಸದಸ್ಯ ಅಯೊಡಿನ್ ನಮ್ಮ ಥೈರಾಯಿಡ್ ಗ್ರಂಥಿಗೆ ಬೇಕೇ ಬೇಕು. ಥೈರಾಕ್ಸಿನ್ ಹಾರ್ಮೋನಿನ ಪ್ರತಿ ಅಣುವಿನಲ್ಲಿ ನಾಲ್ಕು ಅಯೊಡಿನ್ ಪರಮಾಣುಗಳಿವೆ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಗರ್ಭಿಣಿಯರಿಗೆ ಹೆಚ್ಚು ಬೇಕು. ಕೊರತೆಯಾದರೆ ಗಳಗಂಡ ಬರುತ್ತದೆ, ಹುಟ್ಟುವ ಮಗುವಿನ ಬುದ್ಧಿ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. ಮಳೆ ಹೆಚ್ಚಾದ ಬೆಟ್ಟದ ಸೀಮೆಗಳಲ್ಲಿ ಮಣ್ಣಿನ ಅಯೊಡಿನ್ ಕೊಚ್ಚಿಹೋಗಿರುತ್ತದೆ. ಹಿಮಾಲಯದ ತಪ್ಪಲಿನಂತೆ ನಮ್ಮ ಮಲೆನಾಡಿನ ಭಾಗಗಳಲ್ಲೂ ಗಳಗಂಡ ಕಂಡಿದೆ. 1956ರಲ್ಲಿ ಆರಂಭಿಸಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಾಂಗ್ರಾ ಕಣಿವೆಯಲ್ಲಿ ನಡೆಸಿದ ಅಧ್ಯಯನ ಉಪ್ಪಿಗೆ ಅಯೊಡಿನ್ ಬೆರೆಸುವುದರ ಫಲವನ್ನು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು.

ನಮ್ಮ ಉಪ್ಪಿಗೆ ಬೆರೆಸುವುದು ಅಯೊಡೈಡನ್ನಲ್ಲ, ಪೊಟ್ಯಾಸಿಯಂ ಅಯೊಡೇಟನ್ನು. ಇದೇಕೆ? ಪಟುತ್ವದ ಸಾಲನ್ನು ನೆನಪಿಸಿಕೊಳ್ಳಿ. ಅಯೊಡಿನ್ನಿನ ಹಿಡಿತ ಎಲ್ಲಕ್ಕಿಂತ ಸಡಿಲ. ತೇವ, ಬಿಸಿಲು, ಗಾಳಿಯ ಆಕ್ಸಿಜನ್ ಸೇರಿದರೆ ಅಯೊಡೈಡ್ ತನ್ನ ಎಲೆಕ್ಟ್ರಾನನ್ನು ಕಳೆದುಕೊಂಡು ಮತ್ತೆ ಅಯೊಡಿನ್ ಆಗಿ ಹಾರಿಹೋಗುತ್ತದೆ. ಅಯೊಡೇಟ್ ನಮ್ಮ ಹವೆಯಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಆದರೂ ನಷ್ಟ ಪೂರ್ತಿ ತಪ್ಪುವುದಿಲ್ಲ. ಕೊಳ್ಳುವವರ ಕೈಗೆ ಬರುವ ಉಪ್ಪಿನ ಪ್ರತಿ ಕಿಲೋಗ್ರಾಮಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೊಡಿನ್ ಇರಬೇಕೆಂಬ ನಿಯಮವಿದೆ. ಆ ಪ್ರಮಾಣ ನಿಮ್ಮ ತಟ್ಟೆಯವರೆಗೂ ಉಳಿಯುವುದು ನಿಮ್ಮ ಕೈಯಲ್ಲಿದೆ. ಹಾಗೆಂದು ಉಪ್ಪನ್ನು ಹೆಚ್ಚು ತಿನ್ನಬೇಕೆಂದಲ್ಲ. ತಿನ್ನುವಷ್ಟು ಉಪ್ಪು ಅಯೊಡಿನ್ ಇರುವುದಾಗಿರಲಿ.

ಮುಗಿಸುವ ಮುನ್ನ ಮೂರು ಮಾತು. ಉಪ್ಪಿನ ಭರಣಿಗೆ ಬಿಗಿಯಾದ ಮುಚ್ಚಳವಿರಲಿ, ಅದು ಒಲೆಯ ಬಿಸಿಗೂ ತೇವಕ್ಕೂ ದೂರವಿರಲಿ. ಬ್ಲೀಚಿಂಗ್ ಪುಡಿಯ ಡಬ್ಬಿಯನ್ನು ಆಸಿಡ್ ಬಾಟಲಿಯ ಪಕ್ಕದಲ್ಲಿ ಇಡಬೇಡಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಮನೆಯಲ್ಲಿ ಕೊಳವೆಬಾವಿಯ ನೀರನ್ನೇ ಕುಡಿಯುತ್ತಿದ್ದರೆ ಒಮ್ಮೆ ಅದರ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಅದು ಬಣ್ಣಕ್ಕೆ ಕಾಣದು, ವಾಸನೆಗೆ ಸಿಗದು, ನಾಲಿಗೆಗೂ ತಿಳಿಯದು; ಪರೀಕ್ಷೆಯೊಂದೇ ದಾರಿ.